ಖಾಲಿ ಗಾಡಿಯ ಮೈಲೇಜ್

"ಎಷ್ಟು ಕೊಡುತ್ತೆ?"

ನಮ್ಮಲ್ಲಿ ಹೊಸ ಗಾಡಿ ಕಂಡ ತಕ್ಷಣ ಬಾಯಿಗೆ ಬರುವ ಮೊದಲ ಪ್ರಶ್ನೆ ಇದು. ಬ್ರೇಕು, ಏರ್‌ಬ್ಯಾಗು, ಬಣ್ಣ ಎಲ್ಲ ಆಮೇಲೆ. ಮಾರುತಿ ಸುಜುಕಿಯವರು ಇದೇ ಪ್ರಶ್ನೆಯನ್ನ ಹಿಂದಿಯಲ್ಲಿ 'ಕಿತ್ನಾ ದೇತಿ ಹೈ' ಅಂತ ಜಾಹೀರಾತು ಮಾಡಿ ದೇಶವನ್ನೇ ನಗಿಸಿದರು. ಕಾರಿನ ಮಟ್ಟಿಗೆ ಈ ಪ್ರಶ್ನೆ ತಕ್ಕಮಟ್ಟಿಗೆ ಸರಿ. ಕಾರಲ್ಲಿ ಒಬ್ಬರು ಕೂತರೂ ಒಂದೇ, ನಾಲ್ಕು ಜನ ಕೂತರೂ ಹೆಚ್ಚು ಕಮ್ಮಿ ಒಂದೇ. ಆದರೆ ತನ್ನ ತೂಕದಷ್ಟೇ ತೂಕ ಹೊತ್ತು ದುಡಿಯೋಕೆ ಅಂತ ಹುಟ್ಟಿದ ಪಿಕಪ್‌ಗೂ ಅದೇ ಪ್ರಶ್ನೆ, ಅದೇ ಥರದ ಉತ್ತರ ಅಂದರೆ ಎಲ್ಲೋ ಎಡವಟ್ಟಿದೆ.

ಉದಾಹರಣೆಗೆ ಎರಡು ಗಾಡಿ ತಗೊಳ್ಳಿ. ಮಹೀಂದ್ರ ಕಂಪನಿ 2022ರ ಆಗಸ್ಟ್‌ನಲ್ಲಿ ಬೊಲೆರೊ ಮ್ಯಾಕ್ಸ್ ಪಿಕಪ್ ಸಿಟಿ 3000 ಅಂತ ಒಂದು ಮಾಡೆಲ್ ಬಿಟ್ಟಿತು. ನಾಲ್ಕು ಸಿಲಿಂಡರಿನ ಎರಡೂವರೆ ಲೀಟರ್ ಡೀಸೆಲ್ ಎಂಜಿನ್, 1,300 ಕಿಲೋ ಲೋಡ್, ಮೈಲೇಜ್ ಲೀಟರಿಗೆ 17.2 ಕಿಲೋಮೀಟರ್ ಅಂತ ಘೋಷಣೆ. ಇದಕ್ಕಿಂತ ಚಿಕ್ಕ ನಾಲ್ಕು ಸಿಲಿಂಡರ್ ಬೇಕು ಅಂದರೆ ಟಾಟಾ ಇಂಟ್ರಾ ವಿ30 ಇದೆ. 1,496 ಸಿಸಿ ಎಂಜಿನ್, ಅದೂ 1,300 ಕಿಲೋ ಹೊರುತ್ತೆ. ಡೀಸೆಲ್ ಉಳಿಸೋಕೆ ಅಂತ ಅದರಲ್ಲಿ ಇಕೋ ಸ್ವಿಚ್ಚು, ಯಾವಾಗ ಗೇರ್ ಬದಲಿಸಬೇಕು ಅಂತ ಹೇಳುವ ಗೇರ್ ಶಿಫ್ಟ್ ಅಡ್ವೈಸರ್ ಕೂಡ ಇವೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಅಲ್ಲಿಂದ ಇಲ್ಲಿವರೆಗೆ ನೋಡಿದರೆ ಎಂಜಿನ್‌ಗಳು ನಿಜವಾಗ್ಲೂ ಸುಧಾರಿಸಿವೆ. ಹಾಗಾಗಿ ನನ್ನ ತಕರಾರು ಎಂಜಿನ್ ಮೇಲಲ್ಲ, ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವ ಆ ಒಂದು ಅಂಕಿಯ ಮೇಲೆ.

ನಂಜನಗೂಡು ರಸ್ತೆಯ ಬಂಡೀಪಾಳ್ಯ ಎಪಿಎಂಸಿಗೆ ಬೆಳಗ್ಗೆ ಹೋಗಿ ನೋಡಿ. ಸಾಲಾಗಿ ಪಿಕಪ್‌ಗಳು ನಿಂತಿರ್ತವೆ. ಟೊಮೆಟೊ ಕ್ರೇಟು, ಈರುಳ್ಳಿ ಮೂಟೆ, ಎಳನೀರು, ಬಾಳೆಗೊನೆ. ಅಲ್ಲಿ ಯಾವ ಡ್ರೈವರ್‌ನ ಕೇಳಿದರೂ ಉತ್ತರ ಒಂದೇ ಅಂಕಿಯಲ್ಲಿ ಬರಲ್ಲ.

"ಎಷ್ಟು ಕೊಡುತ್ತೆ ಅಣ್ಣ?"

"ಯಾವಾಗ ಸಾರ್? ಖಾಲೀಲೋ, ಲೋಡಲ್ಲೋ? ಖಾಲಿಗಾದ್ರೆ ಹದಿನೈದು ಹದಿನಾರು ಬರ್ತದೆ. ಫುಲ್ ಲೋಡಾದ್ರೆ ಹನ್ನೊಂದು. ಪ್ಯಾಟೆ ಒಳಗೆ ಸಿಕ್ಕಾಕಂಡ್ರೆ ಅದೂ ಇಲ್ಲ."

ಬ್ರೋಷರ್ ಬಿಟ್ಟುಬಿಟ್ಟದ್ದನ್ನ ಆತ ಮರುಪ್ರಶ್ನೆಯಲ್ಲೇ ಹೇಳಿಬಿಟ್ಟ: ಖಾಲೀಲೋ, ಲೋಡಲ್ಲೋ?

ಬ್ರೋಷರ್‌ಗೆ ಈ ಪ್ರಶ್ನೆ ಯಾಕೆ ಹೊಳೆಯಲ್ಲ ಅಂತ ನೋಡಬೇಕಾದರೆ ಪರೀಕ್ಷೆ ಹೇಗೆ ನಡೆಯುತ್ತೆ ಅಂತ ತಿಳಿಯಬೇಕು. ನಮ್ಮಲ್ಲಿ ಮೂರೂವರೆ ಟನ್ ಒಳಗಿನ ಗಾಡಿಗಳಿಗೆ ಬಳಕೆಯಲ್ಲಿರುವುದು ಎಂಐಡಿಸಿ ಅನ್ನುವ ಪರೀಕ್ಷಾ ಕ್ರಮ. ಯೂರೋಪಿನ ಹಳೇ ಕ್ರಮವನ್ನು ನಮ್ಮ ರಸ್ತೆಗೆ ಒಗ್ಗಿಸಿದ್ದು. ಗಾಡಿಯನ್ನ ರೋಲರ್ ಮೇಲೆ ನಿಲ್ಲಿಸ್ತಾರೆ. ಚಕ್ರ ತಿರುಗುತ್ತೆ, ಗಾಡಿ ಇದ್ದಲ್ಲೇ ಇರುತ್ತೆ. ಒಟ್ಟು 1,180 ಸೆಕೆಂಡು, ಅಂದರೆ ಇಪ್ಪತ್ತು ನಿಮಿಷಕ್ಕೂ ಕಮ್ಮಿ. ಗರಿಷ್ಠ ವೇಗ 90. ಸರಾಸರಿ ವೇಗ ಗಂಟೆಗೆ ಮೂವತ್ತರ ಆಸುಪಾಸು. ಯಾವ ಸೆಕೆಂಡಿಗೆ ಎಷ್ಟು ವೇಗ ಇರಬೇಕು ಅಂತ ಮೊದಲೇ ಗೊತ್ತಿರುತ್ತೆ. ಗಾಳಿ, ಮಳೆ, ಹಂಪು, ಅಡ್ಡ ಬರುವ ಹಸು ಯಾವುದೂ ಇಲ್ಲ. ಮುಖ್ಯವಾಗಿ ತೂಕ. ಖಾಲಿ ಗಾಡಿಯ ತೂಕಕ್ಕೆ 150 ಕಿಲೋ ಸೇರಿಸಿ ರೋಲರ್‌ಗೆ ಹೇಳ್ತಾರೆ. ಇಬ್ಬರು ಮನುಷ್ಯರ ತೂಕ. 1,300 ಕಿಲೋ ಹೊರುವ ಗಾಡಿಗೆ ಇದು ಡ್ರೈವರು, ಪಕ್ಕದಲ್ಲೊಬ್ಬ ಕ್ಲೀನರು, ಅಷ್ಟೇ. ಹಿಂದೆ ಒಂದು ಕ್ರೇಟ್ ಟೊಮೆಟೊ ಕೂಡ ಇಲ್ಲ.

ಸಾಫ್ಟ್‌ವೇರ್‌ನಲ್ಲಿ ಇರುವವರಿಗೆ ಇದು ಹೊಸದಲ್ಲ. ಒಬ್ಬನೇ ಯೂಸರ್ ಇಟ್ಟುಕೊಂಡು ಟೆಸ್ಟ್ ಮಾಡಿ, ಸೈಟು ಎಷ್ಟು ಫಾಸ್ಟಾಗಿದೆ ನೋಡಿ ಅಂತ ಕ್ಲೈಂಟ್‌ಗೆ ತೋರಿಸಿದ ಹಾಗೆ. ಅಂಕಿ ಸುಳ್ಳಲ್ಲ. ಆದರೆ ಹಬ್ಬದ ಸೇಲ್ ದಿನ ಅದೇ ಅಂಕಿ ಇರುತ್ತೆ ಅಂತ ನಾವು ಯಾರೂ ನಂಬಲ್ಲ.

ಪರೀಕ್ಷೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಎಲ್ಲ ಗಾಡಿಗಳನ್ನೂ ಒಂದೇ ಕ್ರಮದಲ್ಲಿ ಓಡಿಸಿದಾಗ ಯಾವುದು ಹೆಚ್ಚು, ಯಾವುದು ಕಮ್ಮಿ ಅಂತ ಹೋಲಿಸೋಕೆ ಒಂದು ದಾರಿ ಸಿಗುತ್ತೆ. ಯೂಟ್ಯೂಬಿನಲ್ಲಿ ಖಾಲಿ ಪಿಕಪ್‌ನ ಬೆಂಗಳೂರು ಹೆದ್ದಾರಿಯಲ್ಲಿ ಓಡಿಸಿ "ನೋಡಿ ಸ್ನೇಹಿತರೇ" ಅಂತ ಮೀಟರ್ ತೋರಿಸುವ ವಿಡಿಯೋಗಿಂತ ಇದು ಎಷ್ಟೋ ವಾಸಿ. ತೊಂದರೆ ಎಲ್ಲಿ ಅಂದರೆ, ಕೊಳ್ಳುವವನು ಅದನ್ನ ಹೋಲಿಕೆಗಲ್ಲ, ತಿಂಗಳ ಖರ್ಚಿನ ಲೆಕ್ಕಕ್ಕೆ ಬಳಸ್ತಾನೆ. ಸಾಲದ ಕಂತು ಕಟ್ಟೋಕೆ ಆಗುತ್ತೋ ಇಲ್ಲವೋ ಅಂತ ತೀರ್ಮಾನ ಮಾಡುವುದೇ ಆ ಅಂಕಿಯ ಮೇಲೆ.

ಲೆಕ್ಕ ಹಾಕೋಣ. ದಿನಕ್ಕೆ 100 ಕಿಲೋಮೀಟರ್, ತಿಂಗಳಿಗೆ 25 ದಿನ, ಒಟ್ಟು 2,500 ಕಿಲೋಮೀಟರ್. ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಇಟ್ಟುಕೊಳ್ಳಿ. 17 ಕೊಟ್ಟರೆ 147 ಲೀಟರ್ ಬೇಕು. 12 ಕೊಟ್ಟರೆ 208 ಲೀಟರ್. ವ್ಯತ್ಯಾಸ 61 ಲೀಟರ್, ತಿಂಗಳಿಗೆ ಸುಮಾರು 5,500 ರೂಪಾಯಿ. ನಮಗೆ ನಿಮಗೆ ಇದು ಎರಡು ವೀಕೆಂಡಿನ ಖರ್ಚು. ಸ್ವಂತ ಗಾಡಿ ಇಟ್ಟು ತಾನೇ ಓಡಿಸುವವನಿಗೆ ಮನೆ ಬಾಡಿಗೆ.

ಲೋಡ್ ಹಾಕಿದರೆ ಅಷ್ಟೊಂದು ಡೀಸೆಲ್ ಯಾಕೆ ಹೋಗುತ್ತೆ? ಪಿಯುಸಿ ಫಿಸಿಕ್ಸ್ ಸಾಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಎಂಜಿನ್ನು ಅದರಲ್ಲಿ ಚಕ್ರಕ್ಕೆ ಮುಟ್ಟಿಸುವುದು ಒಳ್ಳೇ ದಿನದಲ್ಲಿ ಮೂರನೇ ಒಂದು ಭಾಗದಷ್ಟು. ಲೆಕ್ಕಕ್ಕೆ ಶೇ 30 ಅನ್ನೋಣ. ಲೋಡ್ ಸೇರಿ 2,900 ಕಿಲೋ ತೂಗುವ ಪಿಕಪ್ಪು ನಿಂತ ಜಾಗದಿಂದ 40ರ ವೇಗಕ್ಕೆ ಬರಬೇಕಾದರೆ ಹೆಚ್ಚು ಕಮ್ಮಿ 17 ಮಿಲಿಲೀಟರ್ ಡೀಸೆಲ್ ಉರಿಯುತ್ತೆ. ಬ್ರೇಕ್ ಒತ್ತಿದ ಕ್ಷಣ ಅಷ್ಟೂ ಶಕ್ತಿ ಬಿಸಿಯಾಗಿ ಹೋಯಿತು. ಮತ್ತೆ ಹೊರಟರೆ ಮತ್ತೆ 17. ಇಂಥ 60 ನಿಲುಗಡೆಗೆ ಒಂದು ಲೀಟರ್, ಅದೂ ಗಾಡಿ ಮುಂದೆ ಹೋದದ್ದರ ಲೆಕ್ಕ ಬಿಟ್ಟು. ಹಳ್ಳಿಯಿಂದ ಹೊರಟ ಗಾಡಿ ಪ್ರತಿ ಊರಿನ ಆಚೆ ಒಂದು ಈಚೆ ಒಂದು ಹಂಪು ದಾಟಿ, ಮೈಸೂರಿನ ಸಿಗ್ನಲ್ಲು ಸರ್ಕಲ್ಲುಗಳನ್ನ ಸುತ್ತಿ ದೇವರಾಜ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಎಷ್ಟು ಸಲ ನಿಂತು ಹೊರಟಿರುತ್ತೆ, ನೀವೇ ಎಣಿಸಿ. ಹಂಪು ಹಾಕಿಸಿದ ಪಂಚಾಯಿತಿಗೂ ಡೀಸೆಲ್ ಬಿಲ್ಲಿಗೂ ಸಂಬಂಧ ಇದೆ ಅಂತ ಯಾರೂ ಯೋಚಿಸಿರಲ್ಲ.

ಏರು ಇನ್ನೊಂದು. ಚಾಮುಂಡಿ ಬೆಟ್ಟ ನಗರಕ್ಕಿಂತ ಸುಮಾರು 300 ಮೀಟರ್ ಎತ್ತರ. ಅದೇ 2,900 ಕಿಲೋ ಗಾಡಿಯನ್ನ ಬರೀ ಅಷ್ಟು ಎತ್ತರಕ್ಕೆ ಎತ್ತೋಕೆ ಮುಕ್ಕಾಲು ಲೀಟರ್‌ಗಿಂತ ಹೆಚ್ಚು ಡೀಸೆಲ್ ಬೇಕು. ಇಳಿಯುವಾಗ ಅದು ವಾಪಸ್ ಟ್ಯಾಂಕಿಗೆ ಬರಲ್ಲ. ಇನ್ನು ವೇಗ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತೆ. 60ರಿಂದ 80ಕ್ಕೆ ಹೋದರೆ ವೇಗ ಏರಿದ್ದು ಮೂರನೇ ಒಂದು ಭಾಗ, ಗಾಳಿಯ ತಡೆ ಏರಿದ್ದು ಮುಕ್ಕಾಲರಷ್ಟು. ಕ್ಯಾಬಿನ್ ಮೇಲಕ್ಕೆ ಎದ್ದ ಕ್ರೇಟುಗಳು, ಸಡಿಲ ಕಟ್ಟಿ ಪಟಪಟ ಅನ್ನುವ ಟಾರ್ಪಾಲು ಇದ್ದರೆ ಇನ್ನೂ ಹೆಚ್ಚು. ಗುಂಡ್ಲುಪೇಟೆ ಕಡೆಯಿಂದ ವಯನಾಡಿಗೆ ತರಕಾರಿ ಒಯ್ಯುವವರಿಗೆ ಗಡಿಯಾರವೂ ಒಂದು ಭಾರ. ಬಂಡೀಪುರದೊಳಗೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಕಾಡಿನ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಆದರೆ ಸಂಜೆ ಲೋಡ್ ತಡವಾದ ಡ್ರೈವರ್‌ಗೆ ಇಕೋ ಸ್ವಿಚ್ ಒತ್ತುವ ಮನಸ್ಸು ಬರಲ್ಲ. ಗೇಟ್ ಬೀಳುವ ಮುಂಚೆ ದಾಟಬೇಕು, ಅಷ್ಟೇ.

ಇಷ್ಟನ್ನೂ ಸರಿಮಾಡಿ, ಲೋಡ್ ಹಾಕಿಯೇ ಪರೀಕ್ಷೆ ಮಾಡಿ 'ಲೀಟರಿಗೆ ಹನ್ನೊಂದು' ಅಂತ ಪ್ರಾಮಾಣಿಕವಾಗಿ ಅಚ್ಚು ಹಾಕಿದರು ಅಂತಿಟ್ಟುಕೊಳ್ಳಿ. ಆಗ ಸಮಸ್ಯೆ ಮುಗಿಯಿತಾ? ಇಲ್ಲ. ನನ್ನ ಮುಖ್ಯ ತಕರಾರು ಇಲ್ಲಿಂದ ಶುರು. ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನುವ ಅಳತೆಗೋಲೇ ಸರಕು ಗಾಡಿಗೆ ಹೊಂದಲ್ಲ.

ಮೊದಲನೇ ದೋಷ, ಅದು ಕಣ್ಣಿಗೆ ಮೋಸ ಮಾಡುತ್ತೆ. 25 ಕೊಡುವ ಕಾರು 20ಕ್ಕೆ ಇಳಿದರೆ 2,500 ಕಿಲೋಮೀಟರಿಗೆ 25 ಲೀಟರ್ ಹೆಚ್ಚು ಬೇಕು. 15 ಕೊಡುವ ಪಿಕಪ್ 10ಕ್ಕೆ ಇಳಿದರೆ 83 ಲೀಟರ್ ಹೆಚ್ಚು ಬೇಕು. ಎರಡು ಕಡೆಯೂ ಇಳಿದದ್ದು ಐದೇ. ನಷ್ಟ ಮೂರು ಪಟ್ಟಿಗೂ ಹೆಚ್ಚು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ ಅನ್ನುವ ಇಬ್ಬರು 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. ಜನ ಈ ಅಳತೆಯನ್ನ ನೇರ ಗೆರೆ ಅಂದುಕೊಂಡು ಲೆಕ್ಕ ತಪ್ಪುತ್ತಾರೆ ಅಂತ. ಯೂರೋಪಿನಲ್ಲಿ 100 ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಕೇಳ್ತಾರೆ. ಆ ಪ್ರಶ್ನೆಯಲ್ಲಿ ಈ ಮೋಸ ಇಲ್ಲ. ಕಮ್ಮಿ ಮೈಲೇಜಿನ ಗಾಡಿಯಲ್ಲೇ ಒಂದೊಂದು ಕಿಲೋಮೀಟರ್ ಇಳಿತವೂ ಜೇಬಿಗೆ ಹೆಚ್ಚು ಚುಚ್ಚುತ್ತೆ. ಪಿಕಪ್ ಇರುವುದು ಆ ಗುಂಪಿನಲ್ಲೇ.

ಎರಡನೇ ದೋಷ ಇನ್ನೂ ದೊಡ್ಡದು. ಗಾಡಿ ಮಾಡಿದ ಕೆಲಸವೇ ಈ ಅಳತೆಗೆ ಕಾಣಲ್ಲ. ಗುಂಡ್ಲುಪೇಟೆಯಿಂದ ಮೈಸೂರಿಗೆ ಹೆಚ್ಚು ಕಮ್ಮಿ 60 ಕಿಲೋಮೀಟರ್. ಒಬ್ಬ ಡ್ರೈವರು 1,300 ಕಿಲೋ ತರಕಾರಿ ತಂದು ಇಳಿಸಿ ಖಾಲಿ ವಾಪಸ್ ಹೋಗ್ತಾನೆ. ಡ್ರೈವರ್‌ಗಳು ಹೇಳುವ ಅಂಕಿಗಳನ್ನೇ ಇಟ್ಟರೆ, ಬರುವಾಗ 11ರಂತೆ 5.5 ಲೀಟರ್, ಹೋಗುವಾಗ 16ರಂತೆ 3.7 ಲೀಟರ್, ಒಟ್ಟು 9.2 ಲೀಟರ್. ಮೈಲೇಜ್ ಲೀಟರಿಗೆ 13. ಒಂದು ಟನ್ ಸರಕಿಗೆ ಖರ್ಚಾದದ್ದು 7 ಲೀಟರ್.

ಇನ್ನೊಬ್ಬ ಡ್ರೈವರು ಇಷ್ಟೇ ತಂದ. ಆದರೆ ವಾಪಸ್ ಹೋಗುವಾಗ ಊರಿನ ಅಂಗಡಿಗೆ 650 ಕಿಲೋ ದಿನಸಿ ಹುಡುಕಿ ಹತ್ತಿಸಿಕೊಂಡ. ಅರ್ಧ ಲೋಡಿಗೆ 13 ಕೊಟ್ಟಿತು ಅನ್ನೋಣ. ಹೋಗೋಕೆ 4.6 ಲೀಟರ್. ಒಟ್ಟು 10.1 ಲೀಟರ್. ಮೈಲೇಜ್ 12ಕ್ಕೆ ಇಳಿಯಿತು. ಆದರೆ ಒಂದು ಟನ್ನಿಗೆ ಆದ ಖರ್ಚು 5.2 ಲೀಟರ್. ಕಾಲು ಭಾಗಕ್ಕಿಂತ ಹೆಚ್ಚು ಉಳಿತಾಯ!

ಈಗ ಸಂಜೆ ಓನರ್ ನೋಟ್‌ಬುಕ್ ನೋಡ್ತಾನೆ. ಒಬ್ಬನದು 13, ಇನ್ನೊಬ್ಬನದು 12. ಬೈಸಿಕೊಳ್ಳುವವನು ಯಾರು? ಹೆಚ್ಚು ದುಡಿದವನು. "ಏನಯ್ಯಾ, ಮೈಲೇಜೇ ಬರ್ತಿಲ್ಲ, ಡೀಸೆಲ್ ಎಲ್ಲೋಯ್ತು?" ಅನ್ನುವ ಅನುಮಾನದ ಮಾತು ಕೇಳದ ಡ್ರೈವರ್ ಸಿಗೋದು ಕಷ್ಟ. ತಪ್ಪು ಅಳತೆ ಇಟ್ಟುಕೊಂಡರೆ ಹೀಗೇ ಆಗೋದು. ಒಳ್ಳೆ ಕೆಲಸ ಮಾಡಿದವನೇ ಕಳ್ಳನ ಹಾಗೆ ಕಾಣ್ತಾನೆ. ಬರೆದ ಸಾಲುಗಳ ಲೆಕ್ಕದಲ್ಲಿ ಅಪ್ರೈಸಲ್ ಮಾಡುವ ಮ್ಯಾನೇಜರ್ ಸಿಕ್ಕ ಪ್ರೋಗ್ರಾಮರ್‌ಗೆ ಈ ಸಂಕಟ ಅರ್ಥವಾಗುತ್ತೆ.

ಹಾಗಾದರೆ ಟನ್ನಿಗೆ ಎಷ್ಟು ಲೀಟರ್ ಅನ್ನುವುದನ್ನೇ ಅಳತೆ ಮಾಡಿಕೊಂಡರೆ ಓವರ್‌ಲೋಡ್ ಮಾಡಿದವನೇ ಗೆಲ್ಲಲ್ವಾ ಅಂತ ನೀವು ಕೇಳಬಹುದು. ಕೇಳಲೇಬೇಕು. 1,300ರ ಜಾಗದಲ್ಲಿ ಎರಡು ಟನ್ ತುಂಬಿ 9 ಕೊಟ್ಟರೂ ಖಾಲಿ ವಾಪಸ್ ಸೇರಿ ಟನ್ನಿಗೆ 5.2 ಲೀಟರೇ ಬರುತ್ತೆ. ಆ ಆಸೆಗೆ ಬಿದ್ದೇ ಎಷ್ಟೋ ಪಿಕಪ್‌ಗಳು ಹಿಂದೆ ಜಗ್ಗಿ, ಮುಂದೆ ಮೂಗೆತ್ತಿಕೊಂಡು ಓಡುತ್ತವೆ. ಅದಕ್ಕೆ ಲೆಕ್ಕ ಬೇರೆ ಕಡೆ ಆಗುತ್ತೆ. ಟೈರು, ಸ್ಪ್ರಿಂಗ್ ಪಟ್ಟಿ, ಬ್ರೇಕು. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರದ ಮೋಟಾರು ವಾಹನ ಕಾಯ್ದೆ ಪ್ರಕಾರ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಬ್ರೇಕ್ ಹಿಡಿಯದಿದ್ದರೆ ದಂಡದ ಮಾತೇ ಬರಲ್ಲ. ಹಾಗಾಗಿ ಅಳತೆಯ ಜೊತೆ ಒಂದು ಷರತ್ತು ಬೇಕು: ಆರ್‌ಸಿಯಲ್ಲಿ ಬರೆದ ತೂಕದೊಳಗೆ, ಹೋಗಿಬರುವ ಎರಡೂ ದಾರಿ ಸೇರಿ, ಟನ್ನಿಗೆ ಎಷ್ಟು ಲೀಟರ್. ಈ ಷರತ್ತಿನೊಳಗೆ ಆಟ ಆಡಿದರೆ ವಾಪಸ್ ಲೋಡ್ ಉಳಿಸುವಷ್ಟು ಡೀಸೆಲ್‌ನ ಯಾವ ಇಕೋ ಸ್ವಿಚ್ಚೂ ಉಳಿಸಲಾರದು.

ಇದನ್ನೆಲ್ಲ ಕಂಪನಿಗಳು ತಾವಾಗೇ ಹೇಳಬೇಕು ಅಂತ ನಿರೀಕ್ಷಿಸುವುದು ತಪ್ಪು. ಕೇಳುವವರು ಇರಬೇಕು. ಸರ್ಕಾರ ಕೇಳಿತಾ? ಕಾರುಗಳಿಗೆ ಸರಾಸರಿ ಇಂಧನ ಬಳಕೆಯ ಮಿತಿ 2017ರಲ್ಲಿ ಜಾರಿಗೆ ಬಂತು. ಅದೇ ವರ್ಷ 12 ಟನ್ ಮತ್ತು ಅದಕ್ಕೂ ಭಾರದ ಲಾರಿ ಬಸ್ಸುಗಳಿಗೆ ನಿಯಮ ಹೊರಬಿತ್ತು. ಆಮೇಲೆ ಮೂರೂವರೆಯಿಂದ 12 ಟನ್ ನಡುವಿನವಕ್ಕೂ ಬಂತು. ಮೂರೂವರೆ ಟನ್ ಒಳಗಿನ ಸರಕು ಗಾಡಿ, ಅಂದರೆ ಏಸ್, ಇಂಟ್ರಾ, ಬೊಲೆರೊ ಪಿಕಪ್, ಇವು ಆ ಯಾವ ನಿಯಮದಲ್ಲೂ ಇರಲಿಲ್ಲ. ಕಾರಿನ ಪಟ್ಟಿಯಲ್ಲಿ ಇವು ಕಾರಲ್ಲ, ಲಾರಿ ಪಟ್ಟಿಯಲ್ಲಿ ಇವು ಲಾರಿಯಲ್ಲ. ಊರ ತುಂಬಾ ಕಾಣುವ ಗಾಡಿ ಕಾನೂನಿನ ಕಣ್ಣಿಗೆ ಮಾತ್ರ ಬೀಳಲಿಲ್ಲ.

ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕಲ್ಲ. ನಿಜವಾದ ಉತ್ತರ ಈಗಾಗಲೇ ಇದೆ ಅನ್ನುವುದಕ್ಕೆ. ಈಗಿನ ಪಿಕಪ್‌ಗಳು ಫೋನಿಗೆ ಕನೆಕ್ಟ್ ಆಗ್ತವೆ. ಮಹೀಂದ್ರದ್ದು ಐಮ್ಯಾಕ್ಸ್, ಟಾಟಾದ್ದು ಫ್ಲೀಟ್ ಎಡ್ಜ್. ಗಾಡಿ ಎಲ್ಲಿದೆ, ಹೇಗೆ ಓಡ್ತಿದೆ, ಎಲ್ಲ ಸರ್ವರ್‌ಗೆ ಹೋಗುತ್ತೆ. ಇಂಥ ಡೇಟಾ ಕೈಯಲ್ಲಿ ಇಟ್ಟುಕೊಂಡವರು ರಸ್ತೆಯ ಮೇಲಿನ ಸಾವಿರಾರು ಗಾಡಿಗಳ ಸರಾಸರಿ ತೆಗೆಯೋದು ನಮ್ಮ ಆಫೀಸಿನ ಫ್ರೆಶರ್‌ಗೂ ಒಂದು ಮಧ್ಯಾಹ್ನದ ಕೆಲಸ. ಆದರೂ ಶೋರೂಮಿನ ಗೋಡೆ ಮೇಲೆ ಇರುವುದು ರೋಲರ್ ಮೇಲಿನ ಇಪ್ಪತ್ತು ನಿಮಿಷದ ಅಂಕಿ.

ಆಗಲ್ಲ ಅನ್ನುವ ಹಾಗೂ ಇಲ್ಲ. ಯೂರೋಪಿನಲ್ಲಿ 2021ರಿಂದ ಹೊಸ ಕಾರು ಮತ್ತು ವ್ಯಾನ್‌ಗಳೊಳಗೆ ಇಂಧನ ಬಳಕೆಯ ಮೀಟರ್ ಕಡ್ಡಾಯ. ಆ ಡೇಟಾ ಒಟ್ಟುಮಾಡಿ 2024ರ ಮಾರ್ಚ್‌ನಲ್ಲಿ ಯೂರೋಪಿಯನ್ ಕಮಿಷನ್ ವರದಿ ಹೊರತಂದಿತು. ಪೆಟ್ರೋಲ್, ಡೀಸೆಲ್ ಕಾರುಗಳು ಲ್ಯಾಬಿನ ಅಂಕಿಗಿಂತ ಸುಮಾರು ಶೇ 20ರಷ್ಟು ಹೆಚ್ಚು ಕುಡಿಯುತ್ತವೆ ಅಂತ ಯಾವ ಮುಜುಗರವೂ ಇಲ್ಲದೆ ಬರೆಯಿತು. ಅಲ್ಲಿಯ ಲ್ಯಾಬ್ ಪರೀಕ್ಷೆ ನಮ್ಮದಕ್ಕಿಂತ ಕಠಿಣ. ಆದರೂ ಶೇ 20.

ಎಲೆಕ್ಟ್ರಿಕ್ ಬಂದರೆ ಇದೆಲ್ಲ ಹಳೇ ಕತೆಯಾಗುತ್ತೆ ಅನ್ನುವವರಿದ್ದಾರೆ. 2022ರ ಮೇ ತಿಂಗಳಲ್ಲಿ ಟಾಟಾ ಏಸ್ ಇವಿ ಬಂತು. ಒಂದು ಚಾರ್ಜಿಗೆ 154 ಕಿಲೋಮೀಟರ್ ಅಂತ ಹೇಳಿದರು. ಖಾಲೀಲೋ, ಲೋಡಲ್ಲೋ? ಪ್ರಶ್ನೆ ಬದಲಾಗಿಲ್ಲ. ಡೀಸೆಲ್ ಗಾಡಿಯಲ್ಲಿ ಅಂಕಿ ತಪ್ಪಿದರೆ ದುಡ್ಡು ಹೋಗುತ್ತೆ, ಬಂಕ್ ಮುಂದಿನ ಊರಲ್ಲಿ ಇದ್ದೇ ಇರುತ್ತೆ. ಇವಿಯಲ್ಲಿ ಅಂಕಿ ತಪ್ಪಿದರೆ ತರಕಾರಿ ಸಮೇತ ದಾರಿಯಲ್ಲಿ ನಿಲ್ಲಬೇಕಾಗುತ್ತೆ. ಹಾಗಾಗಿ ಇದು ಹಳೇ ಕತೆಯಲ್ಲ, ಮುಂದೆ ಇನ್ನೂ ದುಬಾರಿಯಾಗುವ ಕತೆ.

ನಾವು ಪಿಕಪ್ ಕೊಳ್ಳುವವರಲ್ಲ, ನಮಗೇನು ಅಂತ ಅನಿಸಬಹುದು. ವಿಜಯನಗರದಿಂದ ಹೆಬ್ಬಾಳಕ್ಕೆ ಮನೆ ಬದಲಿಸುವಾಗ, ಫ್ರಿಡ್ಜು ತರಿಸುವಾಗ, ಬೆಂಗಳೂರಿನಿಂದ ವರ್ಕ್ ಫ್ರಮ್ ಹೋಮ್ ಅಂತ ಸಾಮಾನೆಲ್ಲ ಮೈಸೂರಿಗೆ ತಂದಾಗ ಈ ಗಾಡಿಯ ಗಿರಾಕಿ ನಾವೇ. ಬಾಡಿಗೆ ಮಾತಾಡುವಾಗ "ಬರೀ ಹತ್ತು ಕಿಲೋಮೀಟರು, ಅಷ್ಟ್ಯಾಕೆ?" ಅಂತ ಚೌಕಾಸಿ ಮಾಡ್ತೀವಿ. ನಮ್ಮ ಹತ್ತು ಕಿಲೋಮೀಟರಿನ ಲೆಕ್ಕದಲ್ಲಿ ಆತ ಖಾಲಿ ಬಂದದ್ದೂ ಇಲ್ಲ, ಖಾಲಿ ಹೋಗೋದೂ ಇಲ್ಲ, ಲಿಫ್ಟಿಗೆ ಕಾಯುತ್ತಾ ಅರ್ಧ ದಿನ ನಿಂತದ್ದೂ ಇಲ್ಲ. ಬ್ರೋಷರ್ ಮಾಡಿದ್ದನ್ನೇ ನಾವೂ ಮಾಡ್ತೀವಿ. ಲೋಡನ್ನ ಲೆಕ್ಕದಿಂದ ಬಿಟ್ಟುಬಿಡ್ತೀವಿ.

ಆದ್ದರಿಂದ ಎರಡು ಪ್ರಶ್ನೆ ಅಭ್ಯಾಸ ಮಾಡಿಕೊಳ್ಳೋಣ. ಊರಲ್ಲಿ ತಮ್ಮನೋ ಭಾವನೋ ಪಿಕಪ್ ತಗೋತೀನಿ ಅಂತ ಫೋನ್ ಮಾಡಿದಾಗ, ಗೂಗಲ್ ಮಾಡಿ ಬ್ರೋಷರ್ ಅಂಕಿ ಓದಿ ಹೇಳೋದು ಬೇಡ. ಅದೇ ಮಾಡೆಲ್ ಇಟ್ಟಿರುವ ಇಬ್ಬರನ್ನ ಹುಡುಕಿ, ಟ್ಯಾಂಕ್ ಫುಲ್ ಮಾಡಿ, ಒಂದು ವಾರ ಓಡಿಸಿ, ಮತ್ತೆ ಫುಲ್ ಮಾಡಿ ಲೆಕ್ಕ ತೆಗೆಸಿ ಅಂತ ಹೇಳಿ. ಶೋರೂಮಿನವರಿಗೆ "ಲೋಡಲ್ಲಿ ಎಷ್ಟು, ಬರೆದುಕೊಡ್ತೀರಾ?" ಅಂತ ಕೇಳೋಕೆ ಹೇಳಿ. ಬರೆದುಕೊಡಲಿಕ್ಕಿಲ್ಲ. ದಿನಕ್ಕೆ ಹತ್ತು ಜನ ಕೇಳಿದರೆ ಆ ಪ್ರಶ್ನೆ ಮೇಲಕ್ಕೆ ಹೋಗುತ್ತೆ.

ಇನ್ನೊಂದು, ಮುಂದಿನ ಸಲ ನಿಮ್ಮ ಸಾಮಾನು ಇಳಿಸಿ ಡ್ರೈವರ್ ಬೆವರು ಒರೆಸಿಕೊಳ್ಳುವಾಗ ಕೇಳಿ: "ವಾಪಸ್ ಲೋಡ್ ಇದೆಯಾ ಅಣ್ಣ?" ಇಲ್ಲ ಅಂದರೆ, ಆ ಖಾಲಿ ದಾರಿಯ ಡೀಸೆಲ್ ಯಾರ ಜೇಬಿಂದ ಹೋಗ್ತಿದೆ ಅಂತ ಒಂದು ಸಲ ಲೆಕ್ಕ ಹಾಕಿ, ಆಮೇಲೆ ಫೋನ್ ಪೇ ಮಾಡಿ.